ಜಾಫರ್ ಷರೀಫರ ಹಳಿಗಳು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ರೈಲಿನ ಮಾತು ಬಂತು. ನಮ್ಮ ಟೀಮಿನ ಒಬ್ಬ ಹುಡುಗ ಕೆ.ಆರ್.ಪುರದಲ್ಲಿ ರೂಮು ಮಾಡಿಕೊಂಡಿದ್ದಾನೆ, ಊರು ಮೈಸೂರು. ಅಲ್ಲೇ ರೈಲು ಹತ್ತಿ, ಒಂದು ನಿದ್ದೆ ತೆಗೆದು, ಸೀದಾ ಮೈಸೂರಲ್ಲಿ ಇಳಿಯುತ್ತೇನೆ ಅಂದ. "ಎಲ್ಲಾ ಜಾಫರ್ ಷರೀಫರ ಪುಣ್ಯ" ಅಂದೆ ನಾನು. "ಯಾರು ಸಾರ್ ಅದು?" ಅಂದ. ಹುಡುಗ ಹುಟ್ಟಿದ್ದೇ 2000ದ ಈಚೆ, ಅವನನ್ನು ಅನ್ನುವ ಹಾಗಿಲ್ಲ. ಆದರೆ ಪಕ್ಕದಲ್ಲಿ ಮೊಸರನ್ನ ಕಲಸುತ್ತಿದ್ದ, ನನ್ನದೇ ವಯಸ್ಸಿನ ಮಹನೀಯರೊಬ್ಬರು "ಅದೇ ರೀ, ಲಂಡನ್ ಕೇಸು..." ಅಂದರು ನೋಡಿ, ಅದು ಯಾಕೋ ಚುಚ್ಚಿತು. ಎಂಟು ಸಲ ಲೋಕಸಭೆಗೆ ಗೆದ್ದ ಮನುಷ್ಯ. ಉಳಿದದ್ದು ಇಷ್ಟೇನಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಂಗ್ರೆಸ್ಸಿಗನಲ್ಲ. ಯಾವ ಪಕ್ಷದವನೂ ಅಲ್ಲ. ಹಲಸೂರಿನಲ್ಲಿ ಬೆಳೆದವನು, ಈಗ ಕಾಕ್ಸ್‌ಟೌನಿನಲ್ಲಿ ರೈಲಿನ ಸದ್ದು ಕೇಳುವಷ್ಟು ದೂರದಲ್ಲಿ ಇರುವವನು. ಅಷ್ಟೇ ನನ್ನ ಅರ್ಹತೆ :-)

ಹಳಿಯ ಕಥೆಯಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಆ ಮನುಷ್ಯ ಅರ್ಥವಾಗುವುದಿಲ್ಲ. ನಮ್ಮ ದಂಡು ಪ್ರದೇಶ ಬ್ರಿಟಿಷರು 1809ರಲ್ಲಿ ಸೈನ್ಯಕ್ಕೆಂದು ಮಾಡಿಕೊಂಡ ಊರು. ಅದರ ಮುಖ ಇದ್ದದ್ದು ಮದರಾಸಿನ ಕಡೆಗೆ. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ರೈಲು ನಿಂತದ್ದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ, ಪೇಟೆಯಲ್ಲಲ್ಲ. ಅದು ಬ್ರಾಡ್ ಗೇಜ್, ಎರಡು ಹಳಿಗಳ ನಡುವೆ 1,676 ಮಿಲಿಮೀಟರ್. ಇನ್ನು ಮೈಸೂರು ಸಂಸ್ಥಾನ 1880ರ ದಶಕದಲ್ಲಿ ಹಾಕಿಸಿದ್ದು ಮೀಟರ್ ಗೇಜ್, ಸರಿಯಾಗಿ 1,000 ಮಿಲಿಮೀಟರ್. ಖರ್ಚು ಕಡಿಮೆ ಅಂತ. ಹೀಗಾಗಿ ಬೆಂಗಳೂರಿನಿಂದ ಮದರಾಸಿಗೆ ದೊಡ್ಡ ಹಳಿ. ಮೈಸೂರು, ಅರಸೀಕೆರೆ, ಹುಬ್ಬಳ್ಳಿಗೆ ಸಣ್ಣ ಹಳಿ. ದಂಡು 1947ರಲ್ಲಿ ಮೈಸೂರಿಗೆ ವಾಪಸ್ ಬಂತು, 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು, 1956ರಲ್ಲಿ ರಾಜ್ಯವೂ ಒಂದಾಯಿತು. ಹಳಿ ಮಾತ್ರ ಒಂದಾಗಲಿಲ್ಲ. ನಮ್ಮ ಏರಿಯಾದವರು ರೈಲು ಬದಲಿಸದೆ ಮದರಾಸಿಗೆ ಹೋಗಬಹುದಿತ್ತು, ಮಂಡ್ಯಕ್ಕೆ ಹೋಗುವ ಹಾಗಿರಲಿಲ್ಲ!

ನಮ್ಮ ಅಜ್ಜಿಯ ಮನೆ ತಿಪಟೂರು. ರಜೆಗೆ ಹೊರಟರೆ ಹಲಸೂರಿನಿಂದ ಸಿಟಿ ಸ್ಟೇಷನ್ನಿಗೆ ಬಸ್ಸು, ಅಲ್ಲಿಂದ ಅಮ್ಮನ ಭಾಷೆಯಲ್ಲಿ "ಚಿಕ್ಕ ಗಾಡಿ". ಬೋಗಿ ಇಕ್ಕಟ್ಟು, ಎದುರು ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತಿತ್ತು. ಬರುವಾಗ ಅಜ್ಜಿ ಕೊಟ್ಟ ತೆಂಗಿನಕಾಯಿ ಮೂಟೆ ಕಾಲ ಬುಡದಲ್ಲಿ. ನಾವು ಒಂದು ಮೂಟೆಗೇ ಒದ್ದಾಡುತ್ತಿದ್ದೆವು. ಇಡೀ ದೇಶದಲ್ಲಿ ಗೇಜ್ ಬದಲಾಗುವ ಜಾಗದಲ್ಲೆಲ್ಲ ಗೊಬ್ಬರ, ಸಿಮೆಂಟು, ಅಕ್ಕಿ ಎಲ್ಲವನ್ನೂ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸುತ್ತಿದ್ದರು. ಕೂಲಿ, ಸಮಯ, ಕಳ್ಳತನ, ಮಳೆಗೆ ನೆನೆಯುವುದು... ಈ ಕಡೆ ವ್ಯಾಗನ್ ಖಾಲಿ ನಿಂತಿದ್ದರೂ ಆ ಕಡೆ ಕಳಿಸುವ ಹಾಗಿಲ್ಲ. ಇಂಜಿನ್ನೂ ಅಷ್ಟೇ.

ಚಳ್ಳಕೆರೆ ಕರೀಂ ಜಾಫರ್ ಷರೀಫ್ ಹುಟ್ಟಿದ್ದು 1933ರ ನವೆಂಬರ್ 3ರಂದು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಅದೇ ಜಿಲ್ಲೆಯ ದೊಡ್ಡ ಮನುಷ್ಯ ಎಸ್. ನಿಜಲಿಂಗಪ್ಪನವರ ನೆರಳಿನಲ್ಲಿ ರಾಜಕೀಯಕ್ಕೆ ಬಂದರು. 1969ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರು. ಜುಲೈ ತಿಂಗಳಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಇಂದಿರಾ ಗಾಂಧಿ ಬ್ಯಾಂಕುಗಳ ಬಗ್ಗೆ ತಮ್ಮ ಎಡಪಂಥೀಯ ಟಿಪ್ಪಣಿ ಕಳಿಸಿದ್ದು ಅಲ್ಲಿಗೆ. ಹಿರಿಯರು ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಿ ಆಕೆಗೆ ಸಡ್ಡು ಹೊಡೆದದ್ದೂ ಅಲ್ಲೇ. ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು, ವರ್ಷ ಮುಗಿಯುವುದರೊಳಗೆ ಪಕ್ಷ ಹೋಳಾಯಿತು. ಹಿರಿಯರು ಕಾರಿನಲ್ಲಿ ಮಾತಾಡಿಕೊಂಡದ್ದನ್ನು ಕೇಳಿಸಿಕೊಂಡ ಷರೀಫರು ಅದನ್ನು ಇಂದಿರಾಗೆ ಮುಟ್ಟಿಸಿದರು ಎಂಬ ಕಥೆಯೊಂದು ಕಾಂಗ್ರೆಸ್ಸಿನಲ್ಲಿ ಇವತ್ತಿಗೂ ಓಡಾಡುತ್ತದೆ. ಕಥೆ ಕಥೆಯಾಗಿಯೇ ಇರಲಿ. ಗುರು ಒಂದು ಕಡೆ, ಶಿಷ್ಯ ಇನ್ನೊಂದು ಕಡೆ ಆದದ್ದಂತೂ ನಿಜ. 1971ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ ಕನಕಪುರದಲ್ಲಿ ಗೆದ್ದು ದಿಲ್ಲಿಗೆ ಹೋದರು. 1979ರಲ್ಲಿ ದೇವರಾಜ ಅರಸರು ಇಂದಿರಾರಿಂದ ದೂರವಾದಾಗಲೂ ಷರೀಫರು ಜಾಗ ಬಿಟ್ಟು ಕದಲಲಿಲ್ಲ.

1977ರಿಂದ ಬೆಂಗಳೂರು ಉತ್ತರ. ಅಲ್ಲಿ ಏಳು ಗೆಲುವು: 1977, 80, 84, 89, 91, 98, 99. ನಡುವೆ 1996ರಲ್ಲಿ ಮಾತ್ರ ಕ್ಷೇತ್ರ ಜನತಾದಳದ ಸಿ. ನಾರಾಯಣಸ್ವಾಮಿಯವರಿಗೆ ಹೋಗಿತ್ತು. ಈಗ ಟೀವಿಯಲ್ಲಿ ಲೆಕ್ಕ ಹಾಕುವ ಪಂಡಿತರನ್ನು ಕೇಳಿದರೆ ಇದು ಸಾಧ್ಯವೇ ಇಲ್ಲ ಅನ್ನುತ್ತಾರೆ. ಉತ್ತರ ಅಂದರೆ ಬರೀ ಶಿವಾಜಿನಗರ ಅಲ್ಲ. ಯಲಹಂಕದ ಕಡೆಯ ಹಳ್ಳಿಗಳೂ ಅದರಲ್ಲೇ. ರಸೆಲ್ ಮಾರ್ಕೆಟ್ಟಿನಲ್ಲಿ ದಖ್ಖನಿ ಉರ್ದು, ಸಂದಿಯಲ್ಲಿ ತಮಿಳು, ಯಲಹಂಕದಲ್ಲಿ ಒಕ್ಕಲುತನದ ಕನ್ನಡ. ಮುಸ್ಲಿಮರ ವೋಟು ಒಂದರಿಂದಲೇ ಗೆಲ್ಲುವ ಕ್ಷೇತ್ರ ಅದಾಗಿರಲೇ ಇಲ್ಲ. ನಮ್ಮ ಬೀದಿಯ ಹಿರಿಯರು, ಶುದ್ಧ ವೈಷ್ಣವರು, ಪ್ರತಿ ಸಲ ಷರೀಫರಿಗೇ ಹಾಕುತ್ತಿದ್ದರು. "ಹಸ್ತಕ್ಕೆ ಹಾಕಿದ್ದಪ್ಪ, ಯಾರಿದ್ದರೇನು" ಅನ್ನುವರು. ಆ "ಯಾರಿದ್ದರೇನು" ಅನ್ನುವ ಮಾತಿಗೆ ಎಷ್ಟು ಬೆಲೆ ಇತ್ತು ಅಂತ ಆಗ ಯಾರೂ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ.

1980ರ ದಶಕದ ಆರಂಭದಲ್ಲಿ ರೈಲ್ವೆ ರಾಜ್ಯ ಸಚಿವರಾದರು. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಶುರುವಾದದ್ದು ಆ ಕಾಲದಲ್ಲೇ. ಇವತ್ತು ದೇಶದ ಯಾವ ಮೂಲೆಯಲ್ಲಿ ರೈಲು ಹತ್ತಿದರೂ ಕೆಳಗಿನ ಗಾಲಿ ಯಲಹಂಕದ್ದಾಗಿರುವ ಸಂಭವ ಇದ್ದೇ ಇದೆ. ಆದರೆ ದೊಡ್ಡ ಕೆಲಸ ಆದದ್ದು 1991ರ ಜೂನ್‌ನಲ್ಲಿ ಪಿ.ವಿ. ನರಸಿಂಹ ರಾಯರ ಸರ್ಕಾರದಲ್ಲಿ ಪೂರ್ಣ ರೈಲ್ವೆ ಮಂತ್ರಿಯಾದ ಮೇಲೆ. 1992ರಲ್ಲಿ ಯುನಿಗೇಜ್ ಯೋಜನೆ. ದೇಶದ ಮೀಟರ್ ಗೇಜ್ ಹಳಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವುದು, ಎಂಟನೇ ಪಂಚವಾರ್ಷಿಕ ಯೋಜನೆಯಲ್ಲೇ ಸುಮಾರು 6,000 ಕಿಲೋಮೀಟರ್. ಖಜಾನೆ ಖಾಲಿಯಾಗಿ ಚಿನ್ನ ಅಡವಿಟ್ಟ ಮರುವರ್ಷ ಈ ಮಾತು! ಇರುವ ಹಳಿಯನ್ನೇ ಕಿತ್ತು ಹಾಕುವ ದುಡ್ಡಿನಲ್ಲಿ ಹೊಸ ಮಾರ್ಗ ಹಾಕಬಾರದೇ, ಜೋಡಿ ಹಳಿ ಮಾಡಬಾರದೇ ಎಂದು ತಿಳಿದವರು ಟೀಕಿಸಿದರು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಬೆಂಗಳೂರು-ಮೈಸೂರಿನ 139 ಕಿಲೋಮೀಟರ್ ಆ ದಶಕದ ಮೊದಲ ಭಾಗದಲ್ಲೇ ಅಗಲವಾಯಿತು. ಹುಬ್ಬಳ್ಳಿಯ ಕಡೆಯ ಹಳಿಯೂ ಆಯಿತು. ಅಜ್ಜಿಮನೆಗೆ "ದೊಡ್ಡ ಗಾಡಿ" ಬಂತು. ಸಿಟಿ ಸ್ಟೇಷನ್ನಿನಲ್ಲಿ ನೂರು ವರ್ಷ ಬೆನ್ನು ತಿರುಗಿಸಿ ನಿಂತಿದ್ದ ಎರಡು ರೈಲ್ವೆಗಳು ಒಂದಾಗಿ, ಕೆ.ಆರ್.ಪುರದಿಂದ ಮೈಸೂರಿಗೆ ನಿದ್ದೆ ಮಾಡಿಕೊಂಡು ಹೋಗುವುದು ಸಾಧ್ಯವಾಯಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಾಸನ-ಮಂಗಳೂರು ಮಾರ್ಗ. ಘಾಟಿಯಲ್ಲಿ 57 ಸುರಂಗ ಕೊರೆದು, ವರ್ಷಗಟ್ಟಲೆ ಒದ್ದಾಡಿ 1979ರಲ್ಲಿ ಮೀಟರ್ ಗೇಜ್ ರೈಲು ಬಿಟ್ಟಿದ್ದರು. 1996ರಲ್ಲಿ, ಷರೀಫರು ಮಂತ್ರಿಗಿರಿ ಬಿಟ್ಟ ಮೇಲೆ, ಗೇಜ್ ಬದಲಾವಣೆಗೆಂದು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ! ಹನ್ನೊಂದು ವರ್ಷ ರಾಜಧಾನಿಗೂ ಕರಾವಳಿಗೂ ನೇರ ರೈಲೇ ಇಲ್ಲ. ಆ ಕಾಲದಲ್ಲಿ ನಮ್ಮಲ್ಲಿ ಎಷ್ಟು ಜನ ಸಕಲೇಶಪುರದಲ್ಲಿ ಇಳಿದು ಆ ಹಳಿಗಳ ಮೇಲೆ ಟ್ರೆಕ್ಕಿಂಗ್ ಅಂತ ನಡೆದು, ಫೋಟೋ ಹಾಕಿ, ಜಿಗಣೆ ಕಥೆ ಬರೆದಿದ್ದೇವೆ, ನೆನಪಿದೆಯಾ? ನಮಗೆ ಅದು ಹಸಿರು ದಾರಿ. ಪುತ್ತೂರಿನವರಿಗೆ ರಾತ್ರಿಯಿಡೀ ಶಿರಾಡಿಯ ಗುಂಡಿ. ಒಂದೇ ಏಟಿಗೆ ದೇಶದಲ್ಲೆಲ್ಲ ಕೈ ಹಾಕಿದರೆ ಎಲ್ಲೋ ಒಂದು ಕಡೆ ಹೀಗೆ ಹರಿಯುತ್ತದೆ, ಅದೂ ಆ ಯೋಜನೆಯ ಲೆಕ್ಕಕ್ಕೇ ಸೇರಬೇಕು.

1994ರ ಅಕ್ಟೋಬರ್ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಬೆಂಗಳೂರು ದೂರದರ್ಶನದಲ್ಲಿ ಸಂಜೆ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು, ಊರು ಹತ್ತಿ ಉರಿಯಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನನಗೂ ಕನ್ನಡದ ಅಭಿಮಾನ ಇದೆ, ಇಲ್ಲದಿದ್ದರೆ ಇಷ್ಟು ವರ್ಷದಿಂದ ಇಲ್ಲಿ ಕುಟ್ಟುತ್ತಾ ಕೂರುತ್ತಿರಲಿಲ್ಲ. ಆದರೆ ಹತ್ತು ನಿಮಿಷದ ವಾರ್ತೆಗೆ ಅಷ್ಟು ಹೆಣ ಬೀಳಬೇಕಿತ್ತಾ? ಚುನಾವಣೆಗೆ ಎರಡು ತಿಂಗಳಿದ್ದಾಗ ಅದನ್ನು ಶುರು ಮಾಡಿದ ಸರ್ಕಾರದ ಜಾಣತನವೂ ಅಷ್ಟರಲ್ಲೇ ಇತ್ತು. ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಆಗ ಕಾಂಗ್ರೆಸ್ಸೇ. ಡಿಸೆಂಬರ್‌ನಲ್ಲಿ ಆ ಪಕ್ಷ ವಿಧಾನಸಭೆಯಲ್ಲಿ 34 ಸೀಟಿಗೆ ಇಳಿಯಿತು. ನಮ್ಮ ಬೀದಿಯಲ್ಲಿ "ಯಾರಿದ್ದರೇನು" ಅನ್ನುವ ಮಾತು ಸಣ್ಣಗಾದದ್ದು ಆಗಿನಿಂದಲೇ ಅನ್ನಿಸುತ್ತದೆ ನನಗೆ.

1995ರ ಆಗಸ್ಟ್ 20ರಂದು ಫಿರೋಜಾಬಾದ್ ಬಳಿ ಎರಡು ರೈಲುಗಳು ಡಿಕ್ಕಿಯಾಗಿ 350ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ಷರೀಫರ ಮಂತ್ರಿಗಿರಿ ಮುಗಿಯಿತು. ಆ ಮೇಲೆ ಬಂದದ್ದೇ ಲಂಡನ್ ಕೇಸು. ಅದೇ ವರ್ಷ ಚಿಕಿತ್ಸೆಗೆ ಲಂಡನ್ನಿಗೆ ಹೋದಾಗ ನಾಲ್ವರು ಸಿಬ್ಬಂದಿಯನ್ನು ಕರೆದೊಯ್ದು, ಅವರ ಪ್ರಯಾಣದ ಖರ್ಚನ್ನು ರೈಲ್ವೆಯ ಅಧೀನ ಸಂಸ್ಥೆಗಳಿಂದ ಭರಿಸಿದರು ಎಂದು ಸಿಬಿಐ ಆರೋಪ. ಇದು 2012ರ ನವೆಂಬರ್‌ವರೆಗೆ ಎಳೆಯಿತು. ಸುಪ್ರೀಂ ಕೋರ್ಟ್ ಅಪ್ರಾಮಾಣಿಕ ಉದ್ದೇಶ ಕಾಣುವುದಿಲ್ಲ ಎಂದು ಕೇಸನ್ನೇ ರದ್ದು ಮಾಡಿತು. ಮೊಸರನ್ನದ ಮಹನೀಯರಿಗೆ ಕೇಸು ನೆನಪಿದೆ, ತೀರ್ಪು ನೆನಪಿಲ್ಲ.

2004ರಲ್ಲಿ ಬಿಜೆಪಿಯ ಎಚ್.ಟಿ. ಸಾಂಗ್ಲಿಯಾನ ಅವರೆದುರು ಸೋತರು. ಶಂಕರ್‌ನಾಗ್ ಸಿನಿಮಾಕ್ಕೆ ಹೆಸರು ಕೊಟ್ಟ ಪೊಲೀಸ್ ಅಧಿಕಾರಿ, ಮಿಜೋರಾಂನ ಕ್ರೈಸ್ತ. ಅಂದರೆ ಕ್ಷೇತ್ರ ಆಗಲೂ ಜಾತಿ ಲೆಕ್ಕಕ್ಕೆ ಪೂರ್ತಿ ಸಿಕ್ಕಿರಲಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ದಂಡನ್ನು ಎರಡು ಹೋಳು ಮಾಡಿದರು: ಶಿವಾಜಿನಗರ ಹೊಸ ಬೆಂಗಳೂರು ಕೇಂದ್ರಕ್ಕೆ, ಫ್ರೇಜರ್‌ಟೌನಿನ ಪುಲಕೇಶಿನಗರ ಮತ್ತು ಕೆ.ಆರ್.ಪುರ ಉತ್ತರಕ್ಕೆ. 2009ರಲ್ಲಿ ಷರೀಫರು ಉತ್ತರದಲ್ಲೇ ನಿಂತು ಬಿಜೆಪಿಯ ಡಿ.ಬಿ. ಚಂದ್ರೇಗೌಡರೆದುರು ಸೋತರು. 1978ರಲ್ಲಿ ಇಂದಿರಾಗೆಂದು ಚಿಕ್ಕಮಗಳೂರು ಬಿಟ್ಟುಕೊಟ್ಟಿದ್ದರಲ್ಲ, ಅದೇ ಚಂದ್ರೇಗೌಡರು!

ಕೊನೆಯ ವರ್ಷಗಳು ನೋಡಲು ಚೆನ್ನಾಗಿರಲಿಲ್ಲ. ಮೊಮ್ಮಗನಿಗೆ ಹೆಬ್ಬಾಳದ ಟಿಕೆಟ್, 2013ರಲ್ಲೂ 2016ರ ಉಪಚುನಾವಣೆಯಲ್ಲೂ ಸೋಲು. 2014ರಲ್ಲಿ ತಮಗೆ ಲೋಕಸಭಾ ಟಿಕೆಟ್ ಸಿಗಲಿಲ್ಲವೆಂದು ಮುನಿಸು. 2017ರಲ್ಲಿ ಆರೆಸ್ಸೆಸ್‌ನ ಮೋಹನ್ ಭಾಗವತ್ ರಾಷ್ಟ್ರಪತಿಯಾಗಲಿ ಎಂದು ಪ್ರಧಾನಿಗೆ ಪತ್ರ! ಗಾಜಿನ ಮನೆಯ ಕಾಲದಿಂದ ಇಂದಿರಾ ಕಾಂಗ್ರೆಸ್ಸಿನಲ್ಲಿದ್ದ ಮನುಷ್ಯ ಇದನ್ನು ಬರೆದರೇ ಅಂತ ಎರಡು ಸಲ ಓದಿದ್ದೆ. ವಯಸ್ಸು, ಬೇಸರ, ಲೆಕ್ಕಾಚಾರ, ಯಾವುದೋ. ನನಗಂತೂ ಹಿಡಿಸಲಿಲ್ಲ.

ಆದರೆ ಅವರು ಸೋತ ಮೇಲೆ ಬೆಂಗಳೂರಿನಿಂದ ಇನ್ನೊಬ್ಬ ಮುಸ್ಲಿಂ ಲೋಕಸಭೆಗೆ ಹೋಗಲಿಲ್ಲ. 2009, 14, 19, 24ರ ನಾಲ್ಕೂ ಚುನಾವಣೆಗಳಲ್ಲಿ ಇಡೀ ಕರ್ನಾಟಕದಿಂದ ಒಬ್ಬರೂ ಇಲ್ಲ. 2024ರಲ್ಲಿ ಬೆಂಗಳೂರು ಕೇಂದ್ರದಲ್ಲಿ ಮನ್ಸೂರ್ ಅಲಿ ಖಾನ್ 32,707 ಮತಗಳಿಂದ ಸೋತದ್ದೇ ಹತ್ತಿರದ ಪ್ರಯತ್ನ. ಒಳ್ಳೆಯ ಅಭ್ಯರ್ಥಿ ಸೋಲುವುದು ಇದ್ದದ್ದೇ, ಅದಕ್ಕೆ ಅಳಬೇಕಿಲ್ಲ. ನಮ್ಮ ಬೀದಿಯ ಆ ವೈಷ್ಣವ ಹಿರಿಯರ ಮಕ್ಕಳು ಅಭ್ಯರ್ಥಿಯ ಹೆಸರು ಕೇಳಿದ ಕೂಡಲೇ ಮಾತು ಮುಗಿಸುತ್ತಾರೆ, ಅದು ನನಗೆ ಬೇಸರ.

ಷರೀಫರು ತೀರಿಕೊಂಡದ್ದು 2018ರ ನವೆಂಬರ್ 25, ಭಾನುವಾರ. ಹಿಂದಿನ ರಾತ್ರಿಯಷ್ಟೇ ಅಂಬರೀಷ್ ಹೋಗಿದ್ದರು. ಟೀವಿಗಳೆಲ್ಲ ಆ ಕಡೆಗೇ ತಿರುಗಿದ್ದವು, ಸಹಜವೇ. ಷರೀಫರ ಸುದ್ದಿಯನ್ನು ನಾನು ಓದಿದ್ದು ಪರದೆಯ ಕೆಳಗೆ ಓಡುವ ಸಾಲಿನಲ್ಲಿ.

ಅಂದ ಹಾಗೆ, 1996ಕ್ಕೆ ಮುಂಚೆ ಹಾಸನ-ಮಂಗಳೂರು ಚಿಕ್ಕ ಗಾಡಿಯಲ್ಲಿ ಘಾಟಿ ಇಳಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಎಷ್ಟು ಹೊತ್ತಾಗುತ್ತಿತ್ತು, ಎಡಕುಮೇರಿಯಲ್ಲಿ ತಿನ್ನಲು ಏನಾದರೂ ಸಿಗುತ್ತಿತ್ತಾ? ಬರೆಯಿರಿ.