ಇಯರ್‌ಫೋನಿನಲ್ಲಿ ವಿವಾಲ್ಡಿ, ಮಾಣಿಕನಗರದಲ್ಲಿ ಪದ

ಬಸವಕಲ್ಯಾಣಕ್ಕೆ ಹೋಗುವವರು ಅನುಭವ ಮಂಟಪ, ಕೋಟೆ ನೋಡಿ ವಾಪಸ್ ಬಂದುಬಿಡ್ತಾರೆ. ಹಾಡಿನ ಹುಚ್ಚಿದ್ದರೆ ಮೊದಲು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಅರ್ಧ ದಿನ ಕೂತ್ಕೊಳ್ಳಿ.

ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಸಮಾಧಿಯಾಗಿದ್ದು 1865ರಲ್ಲಿ, ಇಲ್ಲಿ. ಯಾವ ಮತವನ್ನೂ ದೂರವಿಡದ 'ಸಕಲಮತ' ಸಂಪ್ರದಾಯ ಅವರದು. ಪದಗಳೂ ಹಾಗೇ: ಮರಾಠಿ, ಕನ್ನಡ, ಹಿಂದಿ, ಸಂಸ್ಕೃತ. ಚಹಾದಂಗಡಿಯಲ್ಲೇ ಮೂರು ಭಾಷೆ ಕೇಳಿಸೋ ಊರಲ್ಲಿ ಇದೇನು ವಿಶೇಷ ಅಲ್ಲ ಬಿಡಿ.

ನಾನು ತಿರುವಿ ನೋಡಿದ ಪದಗಳ ಪುಸ್ತಕದಲ್ಲಿ ಪ್ರತಿ ಪದದ ಮೇಲೆ ರಾಗ, ತಾಳದ ಹೆಸರಿತ್ತು. ಸ್ವರಲಿಪಿ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜನನ್ನು ಕೇಳಿದೆ. "ರಾಗ ಪುಸ್ತಕದಾಗ ಅದರೀ, ಚಾಲ್ ಬಾಯಾಗ ಅದ" ಅಂದರು. ಚಾಲ್ ಅಂದ್ರೆ ಧಾಟಿ.

ಬರುವಾಗ ರೈಲಿನಲ್ಲಿ ಕೇಳುತ್ತಿದ್ದದ್ದು ವಿವಾಲ್ಡಿಯ 'ಲೆಸ್ಟ್ರೊ ಅರ್ಮೋನಿಕೊ'. ಒಂದು, ಎರಡು, ನಾಲ್ಕು ಪಿಟೀಲುಗಳಿಗೆ ಬರೆದ 12 ಕಾನ್ಸರ್ಟೊಗಳು. 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ವಿವಾಲ್ಡಿ ವೆನಿಸ್‌ನವನು, ಬಾಖ್ ಜರ್ಮನಿಯವನು. ಇಬ್ಬರೂ ಭೇಟಿಯಾದವರಲ್ಲ. ಆದರೂ ಬಾಖ್ ಇವುಗಳಲ್ಲಿ ಆರನ್ನು ತನ್ನ ವಾದ್ಯಗಳಿಗೆ ಒಗ್ಗಿಸಿಕೊಂಡ. ನಾಲ್ಕು ಪಿಟೀಲುಗಳ ಹತ್ತನೆಯದು ಅವನ ಕೈಯಲ್ಲಿ ನಾಲ್ಕು ಹಾರ್ಪ್ಸಿಕಾರ್ಡ್‌ಗಳದಾಯಿತು. ಕಾಗದ ಸಾಕಾಯಿತು. ಅಜ್ಜನ ಚಾಲ್‌ಗೆ ಆ ಅನುಕೂಲ ಇಲ್ಲ. ಬ್ಯಾಕಪ್ ಇಲ್ಲದ ಸರ್ವರ್ ಅಂದ್ರೆ ನಮಗೆ ನಿದ್ದೆ ಬರಲ್ಲ, ಅಲ್ವಾ?

ಹಾಗಂತ ಕಾಗದವನ್ನೂ ಪೂರ್ತಿ ನಂಬೋಹಾಗಿಲ್ಲ. ಮಧ್ಯಾಹ್ನದ ಬಸ್ಸಿಗೆ ಕಲ್ಯಾಣಕ್ಕೆ ಹೋದೆ. ಕೋಟೆಯ ಮೇಲೆ ಬಿಸಿಲು, ಗಾಳಿ, ನಾಲ್ಕೈದು ಸೆಲ್ಫಿ ಹುಡುಗರು. ಚಾಲುಕ್ಯರ ಈ ರಾಜಧಾನಿಯ ದೊರೆ ಮೂರನೇ ಸೋಮೇಶ್ವರ 1130ರ ಹೊತ್ತಿಗೆ 'ಮಾನಸೋಲ್ಲಾಸ' ಬರೆದ. ಅಡುಗೆ, ಆನೆ, ಆಟಗಳ ಜೊತೆ ಅದರಲ್ಲಿ ಸಂಗೀತಕ್ಕೂ ದೊಡ್ಡ ಜಾಗವಿದೆ. ಮಗ ಇಮ್ಮಡಿ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಎಂದು ಸಂಗೀತಕ್ಕೇ ಒಂದು ಗ್ರಂಥ ಬರೆದ. ರಾಜ್ಯಭಾರದ ನಡುವೆ! ಎರಡೂ ಈಗ ಅಚ್ಚಿನಲ್ಲಿವೆ. ಆದರೆ ಆ ಆಸ್ಥಾನದಲ್ಲಿ ಒಂದು ಸಂಜೆ ಹಾಡಿದ್ದು ಹೇಗೆ ಕೇಳಿಸುತ್ತಿತ್ತು ಅನ್ನೋದನ್ನ ಇವತ್ತು ಯಾರೂ ಹಾಡಿ ತೋರಿಸಲಾರರು.

ಅಜ್ಜನನ್ನು ಕೇಳಿಯೇ ಮೂರು ಪದ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಎರಡನೆಯದರಲ್ಲಿ ಅವರು ನಡುವೆ ನಿಲ್ಲುತ್ತಾರೆ. ಮರೆತ ಸಾಲನ್ನು ಮೊಮ್ಮಗಳು, ಏಳೋ ಎಂಟೋ ವರ್ಷದವಳು, ಧಾಟಿ ಸಮೇತ ಎತ್ತಿಕೊಡ್ತಾಳೆ.

ಹೋಗೋದಾದರೆ ಡಿಸೆಂಬರ್ ಹೊತ್ತಿಗೆ, ದತ್ತ ಜಯಂತಿಯ ಜಾತ್ರೆಗೆ ಹೋಗಿ. ರಾತ್ರಿ ಚಳಿ ಇರ್ತದೆ, ಶಾಲು ಇಟ್ಕೊಳ್ಳಿ.