ತಡೆಯಿಲ್ಲದ ಬಂಡಿ

ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಬಂಡಿ ಓಡಿಸುವುದನ್ನು ಕಲಿತೆನೆಂದು ಹೇಳಿದರೆ ಪರಿಚಿತರು ನಂಬಲಾರರು. ಆಯುಷ್ಯವೆಲ್ಲ ಸೈಕಲ್ಲಿನ ಮೇಲೆ ಓಡಾಡಿದವನು ನಾನು; ಮೋಟಾರು ಗಾಡಿಯ ಚಕ್ರವನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಆದರೂ ಪ್ಯಾರಿಸ್ಸಿನ ಐಫೆಲ್ ಗೋಪುರದ ಬಳಿ ನುಗ್ಗಿದ್ದೇನೆ. ಲಂಡನ್ನಿನಲ್ಲಿ ಗೋಡೆಗೆ ತಾಗಿ ಮುಗ್ಗರಿಸಿದ್ದೇನೆ. ಟೋಕಿಯೋ ನಗರದ ಬೀದಿಯಲ್ಲಿ ಬಾಳೆಯಹಣ್ಣಿನ ಸಿಪ್ಪೆಯ ಮೇಲೆ ಜಾರಿ ಗಿರಗಿರನೆ ತಿರುಗಿದ್ದೇನೆ. ಇದೆಲ್ಲವೂ ಮೈಸೂರಿನ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು, ಒಂದೇ ಬೆರಳಿನಿಂದ ನಡೆದ ಸಾಹಸ. ವಾಚಕರು ನಗುವುದಾದರೆ ನಗಲಿ. ನಮ್ಮ ಮನೆಯವಳು ಮೊದಲೇ ಸಾಕಷ್ಟು ನಕ್ಕಿದ್ದಾಳೆ.

ಈ ಆಟದ ಹೆಸರು ಮಾರಿಯೋ ಕಾರ್ಟ್ ಟೂರ್. ಕಾರ್ಟ್ ಎಂದರೆ ನೆಲಕ್ಕೆ ತಗ್ಗಿ ಓಡುವ ನಾಲ್ಕು ಗಾಲಿಯ ಪುಟ್ಟ ಪಂದ್ಯದ ಬಂಡಿ. ಮಾರಿಯೋ ಎಂಬುವನು ಕೆಂಪು ಟೋಪಿಯ, ದಪ್ಪ ಮೀಸೆಯ ಒಬ್ಬ ನಲ್ಲಿ ಕೆಲಸದವನು. ಜಪಾನ್ ದೇಶದ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯವರ ಕಲ್ಪನೆಯಲ್ಲಿ ಹುಟ್ಟಿ ಲೋಕಪ್ರಸಿದ್ಧನಾದವನು. ಆ ಸಂಸ್ಥೆಯು 1889ರಲ್ಲಿ ಹೂವಿನ ಚಿತ್ರಗಳುಳ್ಳ ಆಟದ ಎಲೆಗಳನ್ನು ತಯಾರಿಸುವುದರಿಂದ ಆರಂಭವಾಯಿತು. ಮಾರಿಯೋವನ್ನು ಬಂಡಿಯಲ್ಲಿ ಕೂರಿಸಿದ ಮೊದಲನೆಯ ಆಟವು 1992ರಲ್ಲಿ ಹೊರಬಂದಿತು. ಅದಕ್ಕೆ ಪ್ರತ್ಯೇಕವಾದ ಯಂತ್ರವೂ ಟೆಲಿವಿಷನ್ನೂ ಬೇಕಾಗಿದ್ದುವು. 2019ನೆಯ ಸೆಪ್ಟೆಂಬರ್ 25ರಂದು ಅದೇ ಬಂಡಿಯು ಕೈಯ ಫೋನಿನೊಳಕ್ಕೆ ಬಂದಿತು; ಅದೂ ಧರ್ಮಕ್ಕೆ. ಧರ್ಮಕ್ಕೆ ಎಂಬ ಮಾತಿನ ನಿಜವಾದ ಅರ್ಥವನ್ನು ಮುಂದೆ ಹೇಳುತ್ತೇನೆ.

ನಾನು ಈ ಆಟಕ್ಕೆ ಇಳಿದುದು ಆಸೆಯಿಂದಲ್ಲ, ನಿರ್ಬಂಧದಿಂದ. 2020ನೆಯ ಮಾರ್ಚ್ 25ರಿಂದ ದೇಶದಲ್ಲೆಲ್ಲ ಸಂಚಾರವು ನಿಂತಿತು. ನನ್ನ ಮಗನು ಸಂಸಾರಸಮೇತನಾಗಿ ಪುಣೆಯಲ್ಲಿದ್ದನು. ಪ್ರತಿ ಬೇಸಗೆಯಲ್ಲಿಯೂ ಬರುತ್ತಿದ್ದ ಎಂಟು ವರ್ಷದ ಮೊಮ್ಮಗನು ಆ ವರ್ಷ ಬರಲಿಲ್ಲ. ದಿನಕ್ಕೊಮ್ಮೆ ಫೋನಿನಲ್ಲಿ ಅವನ ಮುಖವನ್ನು ನೋಡುತ್ತಿದ್ದೆವು.

“ಊಟವಾಯಿತೇನೋ?” ಎಂದು ನಾನು ಕೇಳುವೆನು.

“ಆಯಿತು.”

“ಏನು ಮಾಡುತ್ತಿದ್ದೀಯೆ?”

“ಏನೂ ಇಲ್ಲ.”

ಅಷ್ಟಕ್ಕೆ ನಮ್ಮ ಸಂಭಾಷಣೆಯು ಮುಗಿಯುತ್ತಿತ್ತು. ಮಕ್ಕಳು ಮುಖಕ್ಕೆ ಮುಖ ಕೊಟ್ಟು ಕುಳಿತು ಮಾತನಾಡುವವರಲ್ಲ. ಜೊತೆಯಲ್ಲಿ ಒಂದು ಕೆಲಸವಿದ್ದರೆ, ಕೈ ಆ ಕೆಲಸದಲ್ಲಿದ್ದರೆ, ಮಾತು ತಾನಾಗಿ ಹೊರಡುತ್ತದೆ. ಬೇಸಗೆಯಲ್ಲಿ ಅವನೂ ನಾನೂ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಾಗ ಅವನು ಆಡಿದ ಮಾತುಗಳಿಗೆ ಲೆಕ್ಕವಿರಲಿಲ್ಲ. ಈಗ ನಮ್ಮಿಬ್ಬರ ನಡುವೆ ಹುಣಸೆಹಣ್ಣಿರಲಿಲ್ಲ, ಬರಿಯ ಗಾಜಿತ್ತು.

ಒಂದು ದಿನ ಅವನೇ, “ತಾತ, ನೀನೂ ಆಟ ಹಾಕಿಕೋ, ಇಬ್ಬರೂ ಆಡೋಣ” ಎಂದನು. ಅದೇ ಮಾರ್ಚ್ ತಿಂಗಳಿನಲ್ಲಿ, ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಪಂದ್ಯದಲ್ಲಿ ಸೇರುವ ಏರ್ಪಾಡನ್ನು ಆಟದವರು ಎಲ್ಲರಿಗೂ ತೆರೆದಿದ್ದರು. ಜಗತ್ತು ಬಾಗಿಲು ಹಾಕಿಕೊಂಡ ತಿಂಗಳಿನಲ್ಲಿ ಈ ಒಂದು ಕಿಟಕಿಯು ತೆರೆದುದು ಕಾಕತಾಳೀಯವೇ ಇರಬಹುದು. ನನಗಂತೂ ಅದು ಕೃಪೆಯಂತೆ ತೋರಿತು.

ಮೊದಲು ಒಬ್ಬನೇ ಅಭ್ಯಾಸ ಮಾಡಿದೆನು. ಪಂದ್ಯಕ್ಕೆ ಎಂಟು ಬಂಡಿಗಳು, ಎರಡು ಸುತ್ತು. ಬಂಡಿಯು ತಾನಾಗಿ ಓಡುತ್ತದೆ. ಬೆರಳನ್ನು ಎಡಕ್ಕೋ ಬಲಕ್ಕೋ ಎಳೆದರೆ ತಿರುಗುತ್ತದೆ. ತಿರುವಿನಲ್ಲಿ ಹದವರಿತು ಜಾರಿಸಿದರೆ ಗಾಲಿಯಿಂದ ಕಿಡಿ ಹಾರಿ, ಆಮೇಲೆ ವೇಗವು ಹೆಚ್ಚುತ್ತದೆ. ಹಾದಿಯಲ್ಲಿ ತೇಲುವ ಪೆಟ್ಟಿಗೆಗಳನ್ನು ಮುಟ್ಟಿದರೆ ಆಯುಧಗಳು ದೊರೆಯುತ್ತವೆ: ಹಿಂದಿನವನನ್ನು ಜಾರಿಸಲು ಬಾಳೆಯಹಣ್ಣು, ಮುಂದಿನವನನ್ನು ಹೊಡೆಯಲು ಆಮೆಯ ಚಿಪ್ಪು, ವೇಗಕ್ಕೆ ಅಣಬೆ. ಇದರಲ್ಲಿ ನನಗೆ ಹಿಡಿಸಿದ ಧರ್ಮವೊಂದುಂಟು. ಮುಂದೆ ಹೋಗುತ್ತಿರುವವನಿಗೆ ಸಣ್ಣ ಆಯುಧವೂ, ಹಿಂದೆ ಬಿದ್ದವನಿಗೆ ದೊಡ್ಡ ಆಯುಧವೂ ಸಾಮಾನ್ಯವಾಗಿ ದೊರೆಯುತ್ತವೆ. ಲೋಕವು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿ ನಡೆಯುವುದನ್ನು ನೋಡಿದ ನನಗೆ ಈ ನ್ಯಾಯವು ಸಮಾಧಾನವನ್ನು ಕೊಟ್ಟಿತು. ಏಕೆಂದರೆ ನಾನು ಯಾವಾಗಲೂ ಹಿಂದೆಯೇ ಇದ್ದೆನು.

ಉಳಿದ ಏಳು ಬಂಡಿಗಳ ಮೇಲೆ ನಾನಾ ದೇಶಗಳವರವೆಂದು ತೋರುವ ಹೆಸರುಗಳು ಕಾಣುತ್ತಿದ್ದುವು. ಯಾರಿಗಾದರೂ ಚಿಪ್ಪು ತಗಲಿದರೆ ನಾನು “ಅಯ್ಯೋ, ಪಾಪ” ಎನ್ನುತ್ತಿದ್ದೆನು. ಮೊಮ್ಮಗನಿಗೆ ಇದನ್ನು ತಿಳಿಸಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕನು. “ತಾತ, ಅವರು ಯಾರೂ ಇಲ್ಲ! ಹೆಸರು ಮಾತ್ರ. ಒಬ್ಬನೇ ಆಡುವಾಗ ಬಂಡಿ ಓಡಿಸುವುದೆಲ್ಲ ಕಂಪ್ಯೂಟರು.” ನಿಜವೇ, ಒಂಟಿಯಾಗಿ ಆಡುವಾಗ ಎದುರಾಳಿಗಳು ಮನುಷ್ಯರಲ್ಲ, ಮನುಷ್ಯರ ಹೆಸರನ್ನು ಹೊತ್ತ ಯಂತ್ರದ ಲೆಕ್ಕಾಚಾರಗಳು. ಇಲ್ಲದವರಿಗಾಗಿ ನಾನು ಒಂದು ವಾರ ಮರುಗಿದ್ದೆನು. ಅಂದಿನಿಂದ ಅವನೊಡನೆ ಆಡತೊಡಗಿದೆನು. ಇನ್ನೊಂದು ಫೋನಿನಲ್ಲಿ ಅವನ ಧ್ವನಿ, ನನ್ನ ಕೈಯಲ್ಲಿ ಬಂಡಿ. ಹುಣಸೆಹಣ್ಣಿನ ದಿನಗಳ ಮಾತು ಮರಳಿ ಬಂದಿತು.

ಇನ್ನು ‘ಧರ್ಮಕ್ಕೆ’ ಎಂಬ ಮಾತಿನ ವಿಚಾರ. ಆಟವನ್ನು ಇಳಿಸಿಕೊಳ್ಳುವುದಕ್ಕೆ ಕಾಸು ಬೇಡ. ಆದರೆ ಒಳಗೆ ಹೋದಮೇಲೆ ಮಾಣಿಕ್ಯಗಳೆಂಬ ನಾಣ್ಯವುಂಟು. ಹಸಿರು ಕೊಳವೆಯೊಂದಕ್ಕೆ ಐದು ಮಾಣಿಕ್ಯಗಳನ್ನು ಕೊಟ್ಟರೆ ಅದು ಫಿರಂಗಿಯಂತೆ ಹಾರಿಸಿ ಒಬ್ಬ ಸವಾರನನ್ನೋ ಒಂದು ಬಂಡಿಯನ್ನೋ ಕೊಡುತ್ತಿತ್ತು. ಏನು ಬರುವುದೆಂಬುದು ಮೊದಲೇ ತಿಳಿಯದು. ಆಡಿ ಗಳಿಸಿದ ಮಾಣಿಕ್ಯಗಳು ಮುಗಿದರೆ ನಿಜವಾದ ಹಣಕ್ಕೆ ಮಾರಾಟಕ್ಕಿದ್ದುವು. ಇದಲ್ಲದೆ ತಿಂಗಳ ಚಂದಾ ತೆತ್ತವರಿಗೆ ‘ಗೋಲ್ಡ್ ಪಾಸ್’ ಎಂಬ ಚೀಟಿಯುಂಟು. ಎಲ್ಲಕ್ಕಿಂತ ಮಿಗಿಲಾದ ವೇಗದ ಪಂದ್ಯಗಳನ್ನು ಮೊದಲಲ್ಲಿ ಅವರಿಗೆಂದೇ ಕಾದಿರಿಸಿದ್ದರು.

ಜಪಾನಿನಲ್ಲಿ ಇಂತಹ ಏರ್ಪಾಡಿಗೆ ‘ಗಾಚಾ’ ಎಂದು ಹೆಸರು. ಅಲ್ಲಿಯ ಅಂಗಡಿಗಳಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಬೊಂಬೆಯಿರುವ ಉಂಡೆಯನ್ನು ಉದುರಿಸುವ ಯಂತ್ರಗಳಿವೆ. ಆ ಸದ್ದಿನಿಂದ ಬಂದ ಹೆಸರಿದು. ಅದರ ಒಂದು ಅತಿಯಾದ ಬಗೆಯನ್ನು, ಎಂದರೆ ಹಲವು ಬೊಂಬೆಗಳ ಜೊತೆಯನ್ನು ಪೂರ್ತಿಮಾಡಿದವರಿಗೇ ದೊಡ್ಡ ಬಹುಮಾನವೆನ್ನುವುದನ್ನು, 2012ರಲ್ಲಿ ಜಪಾನ್ ಸರಕಾರವೇ ತಡೆಯಿತು. ಹಣ ತೆತ್ತು ತೆರೆಯುವ ಇಂತಹ ಅದೃಷ್ಟದ ಪೆಟ್ಟಿಗೆಗಳಲ್ಲಿ ಕೆಲವು ಜೂಜಿಗೆ ಸಮವೆಂದು 2018ರಲ್ಲಿ ಬೆಲ್ಜಿಯಂ ದೇಶದ ಅಧಿಕಾರಿಗಳು ತೀರ್ಮಾನಿಸಿದರು.

ಮೊಮ್ಮಗನು ಒಂದು ಸಂಜೆ ಗೋಲ್ಡ್ ಪಾಸನ್ನು ಕೊಡಿಸೆಂದು ಕೇಳಿದನು. ನಾನು ಉಪದೇಶಕ್ಕೆ ತೊಡಗಿದೆನು. ನಮ್ಮ ಚೌಕಾಬಾರವನ್ನು ಉದಾಹರಣೆಯಾಗಿ ಕೊಟ್ಟೆನು: “ನೋಡು, ಅಲ್ಲಿಯೂ ಅದೃಷ್ಟವುಂಟು. ಕವಡೆಯು ಹೇಗೆ ಬೀಳುವುದೆಂದು ಯಾರಿಗೂ ತಿಳಿಯದು. ಆದರೆ ಪ್ರತಿಯೊಂದು ಸಲ ಕವಡೆ ಹಾಕುವುದಕ್ಕೂ ನಿನ್ನ ಅಜ್ಜಿ ನಮ್ಮಿಂದ ಕಾಸು ತೆಗೆದುಕೊಳ್ಳುತ್ತಾಳೆಯೇ? ಆಟದಲ್ಲಿ ಅದೃಷ್ಟವಿರಲಿ, ಅದೃಷ್ಟವನ್ನೇ ಅಂಗಡಿಯಲ್ಲಿಟ್ಟು ಮಾರುವುದು ಬೇರೆ.” ಮಾತು ನನಗೇ ಬಹಳ ಚೆನ್ನಾಗಿದೆಯೆಂದು ತೋರಿತು. ಹುಡುಗನು ಒಪ್ಪಿಕೊಂಡನು.

ಅದೇ ರಾತ್ರಿಯ ವೃತ್ತಾಂತವನ್ನು ಮುಚ್ಚಿಡದೆ ಹೇಳಬೇಕು. ಎಲ್ಲರೂ ಮಲಗಿದ ಮೇಲೆ, ಗಳಿಸಿದ್ದ ಮಾಣಿಕ್ಯಗಳನ್ನು ಒಂದೊಂದು ಸಲಕ್ಕೆ ಐದರಂತೆ ಕೊಳವೆಗೆ ಹಾಕುತ್ತ ಕುಳಿತೆನು. ಮಾರನೆಯ ದಿನ ಹುಡುಗನನ್ನು ಬೆರಗುಗೊಳಿಸುವ ಬಂಡಿಯೊಂದು ಬರಲೆಂಬ ಆಸೆ. ಬಂದುದೆಲ್ಲ ಇದ್ದವೇ. ಮಾಣಿಕ್ಯಗಳು ಮುಗಿದುವು. ನನ್ನ ಬೆರಳು ಅಂಗಡಿಯ ಗುಂಡಿಯ ಮೇಲೆ ಹೋಯಿತು. ಬ್ಯಾಂಕಿನ ಕಾರ್ಡನ್ನು ತರಲು ಎದ್ದು ಕನ್ನಡಕವನ್ನು ಹುಡುಕುತ್ತಿದ್ದಾಗ ಮನೆಯವಳು ದೀಪ ಹಾಕಿದಳು. ಗಡಿಯಾರವು ಹನ್ನೆರಡೂವರೆಯನ್ನು ತೋರಿಸುತ್ತಿತ್ತು.

“ಏನು ಹುಡುಕುತ್ತಿದ್ದೀರಿ?”

“ಏನಿಲ್ಲ. ಒಂದೇ ಒಂದು ಸಲ...”

“ಸಂಜೆ ಮಗುವಿಗೆ ಹೇಳಿದಿರಲ್ಲ, ಕವಡೆಯ ಕತೆ, ಅದನ್ನು ಇನ್ನೊಂದು ಸಲ ಹೇಳಿ, ನಾನೂ ಕೇಳುತ್ತೇನೆ” ಎಂದು ಹೇಳಿ ಅವಳು ಅಲ್ಲಿಯೇ ಕುಳಿತಳು.

ನಾನು ಹೇಳಲಿಲ್ಲ. ಫೋನನ್ನು ಅವಳ ಕೈಯಲ್ಲಿಟ್ಟು ಹೋಗಿ ಮಲಗಿದೆನು. ಇದರಲ್ಲಿ ಆಟದವರನ್ನು ದೂರಿ ಫಲವಿಲ್ಲ. ಅರವತ್ತೆಂಟು ವರ್ಷದವನ ಬೆರಳು ಅದು, ಮಗುವಿನದಲ್ಲ. ಮಾರನೆಯ ದಿನ ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ತಾತ, ನಿನಗೂ ಬ್ರೇಕಿಲ್ಲ” ಎಂದನು. ಆ ಬಂಡಿಗೆ ನಿಜವಾಗಿಯೂ ಬ್ರೇಕಿಲ್ಲ. ಓಡುವುದು, ತಿರುಗುವುದು, ಇವೆರಡೇ ಅದಕ್ಕೆ ಗೊತ್ತು. ಅಂದು ನಾವಿಬ್ಬರೂ ಒಂದು ಕರಾರು ಮಾಡಿಕೊಂಡೆವು: ದಿನಕ್ಕೆ ನಾಲ್ಕು ಪಂದ್ಯ, ಕಾಸು ಒಂದೂ ಇಲ್ಲ, ಕರಾರು ಮುರಿದವರ ಫೋನು ಅಜ್ಜಿಯ ವಶಕ್ಕೆ. ಅಜ್ಜಿಗೆ ಈ ಅಧಿಕಾರವು ಒಪ್ಪಿಗೆಯಾಯಿತು.

ಮುಂದಿನ ವರ್ಷ, 2021ರ ಬೇಸಗೆಯಲ್ಲಿ, ರೋಗದ ಎರಡನೆಯ ಅಲೆಯು ಬಂದಿತು. ಅದು ಎಂತಹ ಕಾಲವೆಂಬುದನ್ನು ಯಾವ ಮನೆಯವರಿಗೂ ವಿವರಿಸಬೇಕಾಗಿಲ್ಲ. ಒಂದು ಸಂಜೆ ನಾಲ್ಕನೆಯ ಪಂದ್ಯವು ನಡೆದಿತ್ತು. ಹುಡುಗನು ಮುಂದೆ, ನಾನು ಹಿಂದೆ. ತಿರುವೊಂದರಲ್ಲಿ ಅವನು, ಆಟದ ಮಾತೇ ಎಂಬಂತೆ, ಸಹಜವಾದ ಧ್ವನಿಯಿಂದ ಕೇಳಿದನು:

“ತಾತ, ಕೆಳಗಿನ ಮನೆಯ ಅಂಕಲ್‌ನ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಅವರು ವಾಪಸು ಬರಲಿಲ್ಲ. ಅಪ್ಪನಿಗೂ ನಿನ್ನೆಯಿಂದ ಜ್ವರ. ಅಪ್ಪನನ್ನೂ ಕರೆದುಕೊಂಡು ಹೋಗುತ್ತಾರೆಯೆ?”

ಜ್ವರದ ಸಂಗತಿಯನ್ನು ಮಗನು ನಮಗೆ ತಿಳಿಸಿರಲಿಲ್ಲ. ನನ್ನ ಬೆರಳು ಗಾಜಿನ ಮೇಲಿಂದ ಎದ್ದುಬಿಟ್ಟಿತು. ಏನು ಹೇಳಿದೆನೋ ಪೂರ್ತಿಯಾಗಿ ನೆನಪಿಲ್ಲ. ಜ್ವರ ಬಂದವರೆಲ್ಲರೂ ಆಸ್ಪತ್ರೆಗೆ ಹೋಗಬೇಕಾಗಿಲ್ಲವೆಂದೂ, ಹೋದವರಲ್ಲಿ ಬಹುಮಂದಿ ಹಿಂದಿರುಗುತ್ತಾರೆಂದೂ, ಏನೇ ಆಗಲಿ ಪ್ರತಿದಿನವೂ ಇದೇ ಹೊತ್ತಿಗೆ ನಾನು ಇಲ್ಲಿಯೇ ಇರುವೆನೆಂದೂ ಹೇಳಿದೆನು. ಆಗುವುದೇ ಇಲ್ಲವೆಂದು ಮಾತು ಕೊಡಲಿಲ್ಲ. ಕೊಡಬೇಕೆನಿಸಿತ್ತು, ಬಾಯಿ ಬರಲಿಲ್ಲ. ಅವನು “ಹೂಂ” ಎಂದನು. ತುಸು ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಬಂಡಿಯು ತನಗೆ ತೋಚಿದಂತೆ ತಡವರಿಸುತ್ತ ಸಾಗಿದೆ. ಅವನ ಬಂಡಿಯು ಇಷ್ಟು ಹೊತ್ತಿಗೆ ಪಂದ್ಯವನ್ನು ಮುಗಿಸಿರಬೇಕಾಗಿತ್ತು. ಆದರೆ ಮುಂದಿನ ತಿರುವಿನಲ್ಲಿಯೇ ಗೋಡೆಗೆ ಹಾಯ್ದು, ಹಿಂದೆ ಸರಿದು, ಮತ್ತೆ ಗೋಡೆಗೆ ಹಾಯುತ್ತಿತ್ತು.

“ಏನೋ ಅದು?” ಎಂದೆನು.

“ನೀನು ಹಿಂದೆ ಉಳಿದುಬಿಟ್ಟೆಯಲ್ಲ ತಾತ. ಇದನ್ನು ನಿಲ್ಲಿಸುವುದಕ್ಕೆ ಬ್ರೇಕಿಲ್ಲ. ಅದಕ್ಕೇ ಗೋಡೆಗೆ ಗುದ್ದುತ್ತ ಇದ್ದೀನಿ, ನೀನು ಬರೋವರೆಗೂ.”

ಇಬ್ಬರೂ ಒಟ್ಟಿಗೆ ಗುರಿಯನ್ನು ದಾಟಿದೆವು. ಎಷ್ಟನೆಯವರಾದೆವೆಂಬುದನ್ನು ನಾನು ನೋಡಲಿಲ್ಲ. ಕಣ್ಣಿಗೆ ಅಂಕಿಗಳು ಸರಿಯಾಗಿ ಕಾಣುತ್ತಿರಲಿಲ್ಲ.

ಮಗನ ಜ್ವರವು ಹನ್ನೊಂದು ದಿನಗಳಲ್ಲಿ ಇಳಿಯಿತು. ಆ ಹನ್ನೊಂದು ದಿನಗಳೂ ಸಂಜೆಯ ನಾಲ್ಕು ಪಂದ್ಯಗಳು ತಪ್ಪಲಿಲ್ಲ.

ಅನಂತರದ ವಿಷಯವು ಸ್ವಲ್ಪವೇ. 2022ನೆಯ ಅಕ್ಟೋಬರಿನಲ್ಲಿ ಆಟದವರು ಕೊಳವೆಯ ಅದೃಷ್ಟವನ್ನು ತೆಗೆದುಹಾಕಿ, ಬೇಕಾದುದನ್ನು ನೋಡಿ ಆರಿಸಿಕೊಳ್ಳುವ ಅಂಗಡಿಯನ್ನಿಟ್ಟರು. ಬೆಲೆ ಇದ್ದೇ ಇದೆ. ಆದರೆ ಕೊಳ್ಳುವವನಿಗೆ ತಾನು ಕೊಳ್ಳುವುದು ಏನೆಂದು ತಿಳಿಯುತ್ತದೆ. ಇಷ್ಟಾದರೂ ಆದುದು ಸಂತೋಷವೇ. 2023ನೆಯ ಅಕ್ಟೋಬರಿನಿಂದ ಹೊಸ ಹಾದಿಗಳ ಸೇರ್ಪಡೆಯು ನಿಂತು, ಹಳೆಯವೇ ಸರದಿಯ ಮೇಲೆ ಬರತೊಡಗಿದುವು. ಬರ್ಲಿನ್, ಸಿಡ್ನಿ, ಸಿಂಗಾಪುರ, ಬ್ಯಾಂಕಾಕ್ ಮೊದಲಾದ ಊರುಗಳೆಲ್ಲ ಬಂದರೂ ನಮ್ಮ ದೇಶದ ಊರೊಂದೂ ಬರಲಿಲ್ಲವೆಂಬುದು ನನಗೊಂದು ಸಣ್ಣ ಕೊರತೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಾದರೆ ನಾನು ಗೆಲ್ಲುತ್ತಿದ್ದೆನೋ ಏನೋ.

ಹುಡುಗನು ಈಗ ಬೆಳೆದಿದ್ದಾನೆ. ಅವನ ಗೆಳೆಯರು ಬೇರೆ, ಆಟಗಳು ಬೇರೆ. ಅದು ಸರಿಯೇ, ತಾತನೊಡನೆಯೇ ಆಡುತ್ತಿರುವ ಹುಡುಗನ ವಿಷಯದಲ್ಲಿ ಚಿಂತಿಸಬೇಕಾದೀತು. ಮಿತ್ರರು ನನ್ನನ್ನು ಈಗಲೂ ಕೇಳುವುದುಂಟು: ಮಕ್ಕಳ ಕೈಗೆ ಈ ಆಟಗಳನ್ನು ಕೊಡಬಹುದೇ, ಕೂಡದೇ? ನನಗೆ ತಿಳಿದುದು ಇಷ್ಟು. ಬಂಡಿಯನ್ನು ಮಾಡಿದವರು ಅದಕ್ಕೆ ತಡೆಯನ್ನು ಇಡಲಿಲ್ಲ. ಆ ತಡೆಯು ಮನೆಯೊಳಗೆ ಇರಬೇಕು. ಒಮ್ಮೆ ಮಡದಿಯ ರೂಪದಲ್ಲಿ, ಒಮ್ಮೆ ಮೊಮ್ಮಗನ ರೂಪದಲ್ಲಿ ಅದು ನನಗೆ ದೊರೆಯಿತು. ಅದಿಲ್ಲದ ಮನೆಯಲ್ಲಿ ಧರ್ಮಕ್ಕೆ ಬಂದ ಆಟವೂ ದುಬಾರಿಯೇ.

ಕಳೆದ ಬೇಸಗೆಯಲ್ಲಿ ಅವನು ಬಂದಿದ್ದನು. ಸಂಜೆ ಇಬ್ಬರೂ ಮಾರ್ಕೆಟ್ಟಿಗೆ ನಡೆದು ಹೊರಟೆವು. ಅವನ ಕಾಲು ಈಗ ನನ್ನದಕ್ಕಿಂತ ಉದ್ದ. ನಾಲ್ಕು ಹೆಜ್ಜೆಗೆ ಅವನು ಮುಂದಾಗಿಬಿಡುತ್ತಿದ್ದನು. ಮೂಲೆಯನ್ನು ತಿರುಗಿ ನೋಡಿದರೆ, ಕಾಂಪೌಂಡ್ ಗೋಡೆಗೆ ಭುಜವನ್ನು ಮೆಲ್ಲಗೆ ತಾಗಿಸುತ್ತ ನಿಂತಿದ್ದಾನೆ. ನನ್ನನ್ನು ಕಂಡು ನಕ್ಕನು. ನಾನೂ ನಕ್ಕೆನು. ಮಾತು ಬೇಕಾಗಿರಲಿಲ್ಲ.