ಪೂರ್ವಕ್ಕೆ: ಖಾಸಗಿ ಸ್ವತ್ತು

ನೀವೂ ಎಂದಾದರೊಮ್ಮೆ ಹೊಸ ಮನೆ ನೋಡಲು ಹೋಗಿದ್ದೀರಲ್ಲವೇ? ನಿಮಗಾಗಿ ಅಲ್ಲದಿದ್ದರೆ ತಂಗಿಗೋ, ನಾದಿನಿಗೋ, ಮಗಳಿಗೋ. ಹೋದೊಡನೆ ನಾವು ಹೆಂಗಸರು ನುಗ್ಗುವುದು ಅಡುಗೆಮನೆಗೆ. ಒಲೆಕಟ್ಟೆಯ ಎತ್ತರ ಸರಿಯಿದೆಯೇ, ಗ್ರೈಂಡರ್ ಇಡಲು ಜಾಗವಿದೆಯೇ, ದೇವರ ಮನೆ ಯಾವ ದಿಕ್ಕಿಗಿದೆ ಎಂದೆಲ್ಲ ನೋಡುತ್ತೇವೆ. ಗಂಡಸರು ಗೋಡೆ ತಟ್ಟುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಆಮೇಲೆ ಹೊರಗೆ ನಿಂತು ದುಡ್ಡಿನ ಮಾತಾಡುತ್ತಾರೆ. ಆದರೆ ಕಾಂಪೌಂಡಿನ ಆಚೆ ಏನಿದೆ, ನಾಳೆ ಅಲ್ಲಿ ಏನು ಬರುತ್ತದೆ ಎಂದು ವಿಚಾರಿಸುವವರು ಯಾರು? ನಾವಂತೂ ವಿಚಾರಿಸಲಿಲ್ಲ. ಆ ಕಥೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ತಿಪಟೂರಿನಿಂದ ಹೆಣ್ಣೂರಿಗೆ

2018ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಬೆಂಗಳೂರಿನಿಂದ ತಂಗಿಯ ಫೋನು. "ಅಕ್ಕಾ, ಮನೆ ನೋಡಿದೀವಿ. ನೀನೊಂದ್ಸಲ ಬಂದು ಹೂಂ ಅಂದ್ಬಿಟ್ರೆ ಅಡ್ವಾನ್ಸ್ ಕೊಟ್ಬಿಡ್ತೀವಿ." ಹದಿನೇಳು ವರ್ಷ ಬಾಡಿಗೆ ಮನೆಯಲ್ಲಿ ಕಳೆದವಳು. ಅವಳ ಮಾತಿನಲ್ಲಿದ್ದ ಸಡಗರ ಕೇಳಿ ನನಗೂ ತಡೆಯಲಾಗಲಿಲ್ಲ. ಒಂದು ಚೀಲ ತೆಂಗಿನಕಾಯಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ಬೆಳಗಿನ ರೈಲು ಹತ್ತಿದೆ.

ಯಶವಂತಪುರದಲ್ಲಿ ಇಳಿದು, ಹೆಬ್ಬಾಳದ ಮೇಲುಸೇತುವೆ ದಾಟಿ, ಬಸ್ಸು ಹೊರವರ್ತುಲ ರಸ್ತೆಯಲ್ಲಿ ಸಾಗಿತು. 1990ರ ದಶಕದಲ್ಲಿ ಈ ರಸ್ತೆ ಕಟ್ಟಲು ತೊಡಗಿದಾಗ ಅದು ನಿಜವಾಗಿಯೂ ಊರ ಹೊರಗೇ ಇತ್ತು. ಈಗ ಹೆಸರು ಮಾತ್ರ 'ಹೊರ', ರಸ್ತೆ ಊರಿನ ಹೊಟ್ಟೆಯೊಳಗಿದೆ. ರಸ್ತೆಗೆ ತಾಗಿಕೊಂಡಿದ್ದ ಮನೆಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ಧೂಳಿಗೆ ಹೆದರಿ ಮುಚ್ಚಿದ್ದಾರೆ, ಪಾಪ ಅಂದುಕೊಂಡೆ, ಅಷ್ಟೆ. ಅವರೂ ಒಂದು ಕಾಲಕ್ಕೆ ಆ ಕಿಟಕಿಗಳಿಂದ ರಾಗಿ ಹೊಲ ನೋಡಿದವರಿರಬಹುದು ಎಂಬ ಯೋಚನೆ ಆಗ ಸುಳಿಯಲಿಲ್ಲ.

ಹೆಣ್ಣೂರು ಕ್ರಾಸಿನಲ್ಲಿ ತಂಗಿಯ ಯಜಮಾನರು ಕಾದಿದ್ದರು. ಅಲ್ಲಿಂದ ಬಾಗಲೂರು ರಸ್ತೆ. ಕೊತ್ತನೂರು ದಾಟುತ್ತಿದ್ದಂತೆ ಊರು ಬಿಡಿಬಿಡಿಯಾಗುತ್ತದೆ. ಒಂದು ದೊಡ್ಡ ಅಪಾರ್ಟ್‌ಮೆಂಟು, ಪಕ್ಕದಲ್ಲೇ ನೀಲಗಿರಿ ತೋಪು. ಒಂದು ಶೋರೂಮು, ಅದರ ಹಿಂದೆ ದ್ರಾಕ್ಷಿ ಚಪ್ಪರ. ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದರೆ ಹೊಸ ಬಡಾವಣೆ. ಸಾಲಾಗಿ ಹದಿನಾಲ್ಕು ಮನೆ, ಹದಿನಾಲ್ಕಕ್ಕೂ ಒಂದೇ ಕೆನೆಬಣ್ಣ. ತಂಗಿ ಮೆಚ್ಚಿದ್ದು ಕೊನೆಯ ಮನೆ.

ಅಡುಗೆಮನೆಗೆ ಪೂರ್ವದ ಕಿಟಕಿ. ಅದನ್ನು ತೆರೆದೆ. ಕೊಯ್ಲಿಗೆ ಬಂದ ರಾಗಿ ಕಣ್ಣು ಹಾಯುವಷ್ಟು ದೂರ ಕಂದು ಹಾಸಿತ್ತು. ನಡುವೆ ಸಾಲಾಗಿ ಅವರೆ. ತಣ್ಣನೆ ಗಾಳಿ. ಮನೆ ತೋರಿಸಲು ಬಂದ ಹುಡುಗ ಹೇಳಿದ, "ಪೂರ್ವಕ್ಕೆ ಯಾವತ್ತೂ ಯಾರೂ ಮನೆ ಕಟ್ಟಲ್ಲಮ್ಮಾ. ಗಾಳಿ ಬೆಳಕಿಗೆ ಮೋಸ ಇಲ್ಲ. ಅದಕ್ಕೇ ಈ ಮನೆಗೆ ಸ್ವಲ್ಪ ರೇಟು ಜಾಸ್ತಿ."

ನಾನು ತಂಗಿಯ ಕಿವಿಯಲ್ಲಿ ಹೇಳಿದೆ, "ತೊಗೊಂಡ್ಬಿಡೇ."

ಸೊಪ್ಪಿನ ಅಜ್ಜಿ

ಕಾಗದಪತ್ರಗಳನ್ನು ವಕೀಲರು ನೋಡಿದರು. ರೇರಾ ನೋಂದಣಿ ಸಂಖ್ಯೆಯಿತ್ತು, ಅನುಮೋದಿತ ನಕ್ಷೆಯಿತ್ತು, ಋಣಭಾರ ಪತ್ರ ಸ್ವಚ್ಛವಾಗಿತ್ತು. ಬ್ಯಾಂಕಿನವರು ಇಪ್ಪತ್ತು ವರ್ಷದ ಸಾಲ ಕೊಟ್ಟರು. ಸಾಲದೆ ಬಂದದ್ದಕ್ಕೆ ಅಮ್ಮನ ಕಾಸಿನ ಸರ ಹೋಯಿತು. "ಹೋಗ್ಲಿ ಬಿಡು, ಅಮ್ಮ ಇದ್ದಿದ್ರೂ ಕೊಡ್ತಿದ್ಲು" ಎಂದೆ ನಾನೇ. 2019ರ ಫೆಬ್ರವರಿಯಲ್ಲಿ ಗೃಹಪ್ರವೇಶ.

ಮಾರನೆಯ ಬೆಳಿಗ್ಗೆ ನೆಂಟರೆಲ್ಲ ಇನ್ನೂ ಮಲಗಿದ್ದರು. ಗೇಟಿನ ಹತ್ತಿರ "ಸೊಪ್ಪೂ" ಎಂದು ಕೂಗು ಕೇಳಿಸಿತು. ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಅಜ್ಜಿ. ದಂಟು, ಸಬ್ಬಸಿಗೆ, ಕೊನೆಯ ಬೀಡಿನ ಅವರೆಕಾಯಿ. ಮಾತಿಗೆ ಮಾತು ಬಂದು, "ಎದುರಿಗಿರೋ ಹೊಲ ನಿಮ್ಮದೇನಜ್ಜೀ? ಚೆನ್ನಾಗಿ ಇಟ್ಕೊಂಡಿದೀರಿ" ಅಂದೆ.

"ನಮ್ದೇ ಕಣವ್ವಾ. ಇರೋಗಂಟ ನಮ್ದು. ರೋಡು ಬತ್ತದಲ್ಲ."

"ಯಾವ ರೋಡು?"

ಅಜ್ಜಿ ನನ್ನನ್ನೂ ತಂಗಿಯನ್ನೂ ಒಂದು ಸಲ ನೋಡಿದಳು. "ಅಯ್ಯೋ, ಗೊತ್ತಿಲ್ವಾ? ಗೊತ್ತಿದ್ದೇ ತಕ್ಕಂಡ್ರಿ ಅಂದ್ಕಂಡಿದ್ದೆ. ದೊಡ್ಡ ರೋಡು ಕಣವ್ವಾ, ಲಾರಿ ಓಡಾಡೋದು. ನಮ್ ಸರ್ವೆ ನಂಬ್ರ ಬರ್ಕೊಂಡು ಹೋದಾಗ ನನ್ ಮೊಮ್ಮಗಳು ಹುಟ್ಟಿದ್ಲು. ಈಗ ಅವ್ಳು ಎಂಟ್ನೇ ಕ್ಲಾಸು."

ತಂಗಿಯ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಹಾಗೇ ಇತ್ತು. ಅವಳು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ನೆಂಟರಿಗೆಲ್ಲ ಉಪ್ಪಿಟ್ಟು ಮಾಡಿದಳು, ತಾಂಬೂಲ ಕೊಟ್ಟು ಕಳಿಸಿದಳು. ಸಂಜೆ ಮನೆ ಖಾಲಿಯಾದ ಮೇಲೆ ಪೂರ್ವದ ಕಿಟಕಿಯ ಕೆಳಗೆ ಕುಳಿತು ಅತ್ತಳು. ಆ ಕಿಟಕಿ ನೋಡಿ 'ತೊಗೊಂಡ್ಬಿಡೇ' ಎಂದವಳು ನಾನು. ನನಗೆ ಹೇಗಾಗಿರಬೇಡ ಹೇಳಿ?

ಗೆಜೆಟ್ಟು ಯಾರ ಮನೆಗೆ ಬರುತ್ತದೆ?

ವಿಚಾರಿಸಿದಾಗ ತಿಳಿಯಿತು. ಅದು ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆ. ತುಮಕೂರು ರಸ್ತೆಯಿಂದ ಹೊರಟು, ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆಗೆ ಸೇರುವ, 70 ಕಿಲೋಮೀಟರಿಗೂ ಹೆಚ್ಚು ಉದ್ದದ ಯೋಜನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2005ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತ್ತು, 2007ರಲ್ಲಿ ಅಂತಿಮ ಅಧಿಸೂಚನೆ. ಆಗ ಆಡುತ್ತಿದ್ದ ಲೆಕ್ಕದಲ್ಲಿ ಅಗಲ ಸುಮಾರು 100 ಮೀಟರ್. ತಿಪಟೂರಿನ ನಮ್ಮ ಬೀದಿಯಂಥ ಹತ್ತು ಬೀದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ, ಅಷ್ಟು.

ಮನೆ ಮಾರಿದವರನ್ನು ಕೇಳಿದರೆ ಬಂದ ಉತ್ತರ, "ನೀವು ಕೇಳಲಿಲ್ಲವಲ್ಲ ಸಾರ್." ಆ ಹುಡುಗನ ಮಾತು ನೆನಪಿದೆಯೇ? ಪೂರ್ವಕ್ಕೆ ಯಾರೂ ಮನೆ ಕಟ್ಟುವುದಿಲ್ಲ ಎಂದಿದ್ದ. ಅದು ಸುಳ್ಳಲ್ಲ ನೋಡಿ! ರಸ್ತೆಗೆಂದು ಗುರುತಾದ ಜಾಗದಲ್ಲಿ ಮನೆ ಕಟ್ಟುವವರು ಯಾರು? ಅರ್ಧ ಹೇಳಿದ ಸತ್ಯಕ್ಕೇ ನಾವು ಹೆಚ್ಚಿನ ರೇಟು ಕೊಟ್ಟಿದ್ದೆವು.

ಯೋಜನಾ ಕಚೇರಿಯ ಗುಮಾಸ್ತರು ಸೌಮ್ಯವಾಗಿಯೇ ನಕ್ಷೆ ಬಿಡಿಸಿ ತೋರಿಸಿದರು. ರಸ್ತೆಯ ಗೆರೆ ತಂಗಿಯ ಕಾಂಪೌಂಡಿನ ಆಚೆಗೇ ಹಾದಿತ್ತು. ಮನೆ ಉಳಿದಿತ್ತು, ಕಿಟಕಿಯ ಹೊರಗಿನದೆಲ್ಲ ಗೆರೆಯೊಳಗೆ. "ಇದನ್ನ ಯಾರೂ ಮುಚ್ಚಿಟ್ಟಿಲ್ಲಮ್ಮಾ, ಗೆಜೆಟ್ಟಲ್ಲಿ ಪ್ರಕಟ ಆಗಿದೆ" ಎಂದರು. ನಮ್ಮ ಮನೆಗೆ ಹಾಲು ಬರುತ್ತದೆ, ಪೇಪರು ಬರುತ್ತದೆ, ಈ ಪತ್ರಿಕೆ ಬರುತ್ತದೆ. ಗೆಜೆಟ್ಟು ಯಾರ ಮನೆಗೆ ಬರುತ್ತದೆ, ಹೇಳಿ! ಆದರೆ ಕಾನೂನಿನ ಮಾತು ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಮಾರುವವನು ಹೇಳಲೇಬೇಕಾದದ್ದು ಸ್ವತ್ತಿನಲ್ಲೋ ಅದರ ಹಕ್ಕಿನಲ್ಲೋ ಇರುವ ದೋಷವನ್ನು, ಅದೂ ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ್ದನ್ನು. ಇಲ್ಲಿ ದೋಷ ನಮ್ಮ ಸ್ವತ್ತಿನದಲ್ಲ, ಪಕ್ಕದ್ದು. ಅದೂ ಪ್ರಕಟವಾದದ್ದು. ವಕೀಲರು ತಲೆಯಾಡಿಸಿದರು.

ರಾತ್ರಿ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿದೆವು. ಪಶ್ಚಿಮಕ್ಕೆ: ಹದಿಮೂರನೇ ಮನೆ. ಉತ್ತರಕ್ಕೆ: ರಸ್ತೆ. ದಕ್ಷಿಣಕ್ಕೆ: ಉದ್ಯಾನ. ಪೂರ್ವಕ್ಕೆ: ಖಾಸಗಿ ಸ್ವತ್ತು. ಎರಡೇ ಪದ. ಯಾರ ಸ್ವತ್ತು, ಏನಾಗಲಿರುವ ಸ್ವತ್ತು ಎಂದು ನಾವ್ಯಾರೂ ಕೇಳಿರಲಿಲ್ಲ.

ಅಜ್ಜಿಯ ಮಾತು

ಊರಿಗೆ ಹೊರಡುವ ದಿನ ಅಜ್ಜಿ ಮತ್ತೆ ಬಂದಳು. ತಂಗಿ ಅವಳ ಮುಂದೆ ತನ್ನ ಗೋಳು ತೋಡಿಕೊಂಡಳು. ಸದ್ದು, ಧೂಳು, ಮಗನಿಗೆ ಉಬ್ಬಸ, ಸಾಲದ ಕಂತು. ಅಜ್ಜಿ ಎಲ್ಲ ಕೇಳಿ, ನಿಧಾನವಾಗಿ ಹೇಳಿದಳು, "ನಿಂಗೆ ಸದ್ದು ಬತ್ತದೆ ತಾಯಿ. ನಂಗೆ ಹೊಲಾನೇ ಹೋಯ್ತದೆ. ಮೊಮ್ಮಗಳ ಓದಿಗೆ ಒಂದಿಷ್ಟು ಮಾರಾನಾ ಅಂದ್ರೆ ತಕ್ಕಳೋರಿಲ್ಲ. ಬ್ಯಾಂಕ್ನೋರು ಸಾಲ ಕೊಡಾಕಿಲ್ಲ. ಬಾವಿ ತೋಡ್ಸಿದ್ರೆ ದಂಡ. ಅಂಗಂತ ಬಿತ್ತದೆ ಬಿಡಾಕಾಯ್ತದಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮಗೆ ಅದು ಕಿಟಕಿಯ ನೋಟ. ಅವಳಿಗೆ ಅದು ಅನ್ನ. ಅಂಥವಳು ನಮಗೆ ನಿಜ ಹೇಳಿದ್ದಳು, ಯಾವ ದಲ್ಲಾಳಿಯೂ ಹೇಳದ್ದನ್ನು.

ರೈತರು ಕೇಳುತ್ತಿದ್ದುದು 2013ರ ಹೊಸ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಬಿ.ಡಿ.ಎ. ಕಾಯ್ದೆಯಡಿ ಆಗುವ ಸ್ವಾಧೀನಕ್ಕೆ ಆ ಹೊಸ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಸುದ್ದಿ ಓದಿ ತಂಗಿ ಫೋನು ಮಾಡಿದ್ದಳು. ತನ್ನ ಮನೆಯ ಬಗ್ಗೆ ಒಂದು ಮಾತಿಲ್ಲ. "ಅಜ್ಜಿಗೆ ಹೇಗೆ ಹೇಳೋದು ಅಕ್ಕಾ?" ಅಂದಳು.

ನೀವು ಹೋಗುವಾಗ

ಇದು ಬೆಂಗಳೂರಿನ ಕಥೆ, ನಮಗೇನು ಎನ್ನಬೇಡಿ. ನಮ್ಮಂಥ ಊರುಗಳಿಗೂ ಬೈಪಾಸು ಬರುತ್ತದೆ, ಕೈಗಾರಿಕಾ ಪ್ರದೇಶ ಬರುತ್ತದೆ, ಕಸದ ಘಟಕ ಬರುತ್ತದೆ. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊದಲು ಚಕ್ಕುಬಂದಿ. ಮನೆಯ ನಾಲ್ಕೂ ಪಕ್ಕದ ಸರ್ವೆ ನಂಬರು ಕೇಳಿ ಪಡೆಯಿರಿ. ಸರ್ಕಾರದ 'ದಿಶಾಂಕ್' ಎಂಬ ಮೊಬೈಲ್ ಆ್ಯಪ್ ಇದೆ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಭೂಸ್ವಾಧೀನದ ನಮೂದು ಹಲವು ಸಲ ಅದರಲ್ಲೇ ಕಾಣಸಿಗುತ್ತದೆ.

ಎರಡನೆಯದು ಮಹಾಯೋಜನೆಯ ನಕ್ಷೆ, ಅಂದರೆ ಮಾಸ್ಟರ್ ಪ್ಲಾನ್. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರಗಳು ಇದನ್ನು ಮಾಡುತ್ತವೆ. ಸಾಮಾನ್ಯವಾಗಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಮುಂದೆ ಬರಲಿರುವ ರಸ್ತೆಗಳ ಗೆರೆಯೂ ಅದರಲ್ಲಿರುತ್ತದೆ. ರಂಗೋಲಿ ಓದಬಲ್ಲವರಿಗೆ ಇದು ಕಷ್ಟವೇ? ನಿಮ್ಮ ಮನೆ ಹಳದಿಯಲ್ಲಿದ್ದರೆ ಸಾಲದು, ಪಕ್ಕದ ಬಣ್ಣ ಯಾವುದು ನೋಡಿ.

ಮೂರನೆಯದು, ಋಣಭಾರ ಪತ್ರ ನೋಡಿ ನಿಶ್ಚಿಂತರಾಗಬೇಡಿ. ನೀವು ಕೊಳ್ಳುವ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರವನ್ನಷ್ಟೇ ಅದು ಹೇಳುತ್ತದೆ. ರೇರಾ ದಾಖಲೆಯೂ ಆ ಬಡಾವಣೆಯದನ್ನೇ ಹೇಳುತ್ತದೆ, ನೆರೆಯದನ್ನಲ್ಲ. ಹಾಗೆಂದು ರೇರಾ ಬೇಡವೆಂದಲ್ಲ. 2016ರ ಆ ಕಾಯ್ದೆಯಂತೆ, ಬರವಣಿಗೆಯ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಜಾಹೀರಾತಿನಲ್ಲೋ ಕೈಪಿಡಿಯಲ್ಲೋ ಸುಳ್ಳು ಹೇಳಿದ್ದರೆ ಪರಿಹಾರ ಕೇಳಬಹುದು. ಆದ್ದರಿಂದ ಆ ಕಾಗದಗಳನ್ನು ಎಸೆಯಬೇಡಿ, ಮಸಾಲೆ ಡಬ್ಬಿಯಷ್ಟೇ ಜೋಪಾನ ಮಾಡಿ. "ಪಕ್ಕದ ಜಾಗಕ್ಕೆ ಯಾವುದಾದರೂ ಯೋಜನೆ ಇದೆಯೇ?" ಎಂಬ ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕೇಳಿ, ಉತ್ತರವನ್ನೂ ಕಾಗದದಲ್ಲೇ ಪಡೆಯಿರಿ. ಬರೆದುಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ.

ಕಚೇರಿಯಲ್ಲಿ ಯಾರೂ ಸರಿಯಾಗಿ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಹೆದ್ದಾರಿಯವರು, ರೈಲ್ವೆಯವರು, ಕೈಗಾರಿಕಾ ಮಂಡಳಿಯವರು ಬೇರೆಬೇರೆಯಾಗಿ ಜಾಗ ಗುರುತಿಸುತ್ತಾರೆ, ಅದಕ್ಕೇ ಒಂದೇ ಕಚೇರಿಗೆ ಕೇಳಿ ಸುಮ್ಮನಾಗಬೇಡಿ.

ಕಿಟಕಿ ಈಗಲೂ ತೆರೆದಿದೆ

ತಂಗಿ ಆ ಮನೆ ಮಾರಲಿಲ್ಲ. ನಿಜ ಹೇಳಿ ಮಾರಿದರೆ ಸಾಲ ತೀರದು, ನಿಜ ಮುಚ್ಚಿ ಮಾರಲು ಮನಸ್ಸು ಬಾರದು. 2023ರ ಶ್ರಾವಣದಲ್ಲಿ ನಾನು ಹೋದಾಗ ರಸ್ತೆ ಬಂದಿರಲಿಲ್ಲ. ಕಾಂಪೌಂಡಿನೊಳಗೆ ಹೊಂಗೆ, ನೇರಳೆ, ನುಗ್ಗೆ ಸಾಲಾಗಿ ಎದ್ದಿದ್ದವು. "ಬಂದ ದಿನಕ್ಕೆ ಧೂಳಿಗಾದ್ರೂ ಅಡ್ಡ ಆಗ್ಲಿ" ಎಂದು ತಂಗಿ ನೆಟ್ಟದ್ದು. ಕಿಟಕಿಯಾಚೆ ಎಳೆಯ ರಾಗಿ ಪೈರು. ಅಜ್ಜಿಗೆ ಬುಟ್ಟಿ ಹೊರಲು ಆಗುತ್ತಿರಲಿಲ್ಲ. ಮೊಮ್ಮಗಳು ಕಾಲೇಜಿಗೆ ಹೋಗುವ ಮುಂಚೆ ಸ್ಕೂಟರಿನಲ್ಲಿ ಸೊಪ್ಪು ತಂದುಕೊಟ್ಟು ಹೋಗುತ್ತಿದ್ದಳು.

ಆ ವರ್ಷವೇ ನಮ್ಮ ನಾದಿನಿಯ ಮಗಳು ತುಮಕೂರಿನಲ್ಲಿ ಹೊಸ ಮನೆ ನೋಡಿದಳು. ನಾವಿಬ್ಬರೂ ಅಕ್ಕತಂಗಿಯರು ಜೊತೆಗೆ ಹೋದೆವು. ಮನೆ ತೋರಿಸುವವರು ಬಾಗಿಲು ತೆಗೆದು, "ಬನ್ನಿ ಅಮ್ಮಾ, ಮೊದ್ಲು ಅಡುಗೆಮನೆ ನೋಡಿ" ಎಂದರು.

"ಆಮೇಲೆ ನೋಡ್ತೀವಿ" ಎಂದು ತಂಗಿ ಚಪ್ಪಲಿ ಮೆಟ್ಟಿ ಕಾಂಪೌಂಡಿನ ಹಿಂದಕ್ಕೆ ನಡೆದಳು. ಅಲ್ಲೊಬ್ಬಾಕೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ನಾವು ಹೋಗಿ ಅವಳ ಪಕ್ಕ ಬದುವಿನ ಮೇಲೆ ಕುಳಿತೆವು.